ಸೋಮವಾರದ ಸೈಕಲ್ಲು

ಹಾನಗಲ್ಲಿನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಚ್ಚುವ ಸೊಲ್ಯೂಷನ್ನಿನ ವಾಸನೆ ಮೂಗಿಗೆ ಬಡಿದಾಗ ನಾನು ಮಾತು ನಿಲ್ಲಿಸಿದೆ. ಮಾತು ನಿಲ್ಲಿಸುವುದು ನನ್ನ ಸ್ವಭಾವವಲ್ಲ. ಕಾಲೇಜಿನ ಚರ್ಚಾಕೂಟದಲ್ಲಿ ಗಂಟೆ ಬಾರಿಸಿದ ಮೇಲೂ ಮಾತಾಡಿ ಬೈಸಿಕೊಂಡವಳು ನಾನು. ಚಿಕ್ಕೇರೂರಿಗೆ ಹೋಗಿಬರಲು ಒಂದು ಬಾಡಿಗೆ ಸೈಕಲ್ಲು ಬೇಕಿತ್ತು. “ನೀವ ಹೊಡೀತೀರೇನ್ರಿ ಅಕ್ಕಾರ?” ಎಂದು ಅಂಗಡಿಯವನು ನನ್ನ ಸೀರೆಯನ್ನೂ ಸೈಕಲ್ಲನ್ನೂ ಸರತಿಯಂತೆ ನೋಡಿದ. “ಮತ್ತ ಅದು ತಾನ ಹೋಗತೈತೇನು?” ಎಂದು ನಾನು ಇನ್ನೂ ಮುಂದುವರಿಸುವವಳಿದ್ದೆ. ಅಷ್ಟರಲ್ಲಿ ಆ ವಾಸನೆ ಬಂತು. ಕಮಟು, ಸ್ವಲ್ಪ ಸಿಹಿ, ಬಿಸಿಲಿಗೆ ಕಾದ ರಬ್ಬರಿನದು. ಅದಕ್ಕೆ ಚೈನಿಗೆ ಹಚ್ಚಿದ ಕೊಬ್ಬರಿ ಎಣ್ಣೆ ಮತ್ತು ಮಳೆಯಲ್ಲಿ ತೊಯ್ದು ಆರಿದ ಕಂಬಳಿಯ ವಾಸನೆ ಕೂಡಿಸಿದರೆ ನಮ್ಮ ಮನೆಯ ಪಡಸಾಲೆಯಾಗುತ್ತದೆ. ವಾಸನೆಗೆ ಸತ್ತವರನ್ನು ಎಬ್ಬಿಸುವ ಶಕ್ತಿಯಿದೆ ಎಂದು ಯಾರಾದರೂ ಹೇಳಿದ್ದರೆ ನಾನು ಪುರಾವೆ ಕೇಳುತ್ತಿದ್ದೆ. ಆ ಹೊತ್ತಿನಲ್ಲಿ ಕೇಳಲಿಲ್ಲ.

ಚಿಕ್ಕೇರೂರಿನ ಆ ಮನೆಯಲ್ಲಿ ಆಯಿಯದೇ ಆಳಿಕೆ. ಆಯಿ ಎಂದರೆ ಅಪ್ಪನ ತಾಯಿ. ಸೈಕಲ್ಲು ಕಾಕಾನದು, ಅಪ್ಪನ ತಮ್ಮನದು. ಓಣಿಗೆ ಬಂದ ಮೊದಲ ಸೈಕಲ್ಲು ಅದು. ಅದರ ಸೀಟು ಚರ್ಮದ್ದೆಂದು ಆಯಿ ಹೊಸ್ತಿಲು ದಾಟಿಸಲು ಬಿಡಲಿಲ್ಲ. “ಗುಡಿಯಾಗಿನ ಮದ್ದಲಿಗೂ ಚರ್ಮ ಐತಲ್ಲ ಆಯಿ?” ಎಂದು ನಾನು ಕೇಳಿದ್ದಕ್ಕೆ, “ಅದರ ಮ್ಯಾಲ ಯಾರೂ ಕುಂದರೂದಿಲ್ಲ, ಹೋಗ ವಕೀಲವ್ವಾ” ಎಂದಳು. ಅಂದಿನಿಂದ ಮನೆಯಲ್ಲಿ ನನ್ನ ಹೆಸರು ಅದೇ ಆಯಿತು. ಕಾಕಾ ವಾದಕ್ಕಿಳಿಯಲಿಲ್ಲ. ಕಂಬಳಿಗೆ ಮೈಲಿಗೆಯಿಲ್ಲ ಎಂಬುದು ಆಯಿಯದೇ ಶಾಸ್ತ್ರ. ಅವನು ಕಂಬಳಿಯ ಒಂದು ತುಂಡನ್ನು ಸೀಟಿಗೆ ಸುತ್ತಿ ಹೊಲಿದ. ಸೈಕಲ್ಲು ಪಡಸಾಲೆಗೆ ಬಂತು. ಸಂಜೆ ಕಾಕಾ ಅದನ್ನು ತಲೆಕೆಳಗಾಗಿಸಿ ಗಾಲಿ ತಿರುಗಿಸುತ್ತಿದ್ದರೆ ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು, ಹೊರಗೆ ಗಾಲಿಯ ಸುಯ್‌ಗುಟ್ಟುವಿಕೆ ಎರಡೂ ಒಂದೇ ಮನೆಯ ಉಸಿರಿನಂತೆ ಕೇಳುತ್ತಿದ್ದವು. ನಿಮಗೂ ಇಂಥ ಒಂದು ಪಡಸಾಲೆ ಇದ್ದಿರಬೇಕು. ಇದ್ದರೆ ಹೆಚ್ಚು ಹೇಳಬೇಕಾಗಿಲ್ಲ.

ಎರಡನೆಯ ಮಹಾಯುದ್ಧ ಶುರುವಾಗುವ ಮೊದಲಿನ ಮಾತು. ಒಂದು ಸೋಮವಾರ ಮುಂಜಾನೆ ಹಿರೇಕೆರೂರಿನಿಂದ ಒಬ್ಬ ಆಳುಮಗ ನಡೆದು ಬಂದ. ಆಯಿಯ ತಂಗಿ, ನಾವು ಸಣ್ಣಾಯಿ ಎನ್ನುತ್ತಿದ್ದವಳು, ಅಲ್ಲಿದ್ದಳು. ಅವನು ಕಟ್ಟೆ ಹತ್ತದೆ ಕೆಳಗೇ ನಿಂತು, “ಸಣ್ಣ ಅಮ್ಮಾರಿಗೆ ಭಾಳ ಜಡ್ಡಾಗೇತ್ರಿ. ಲಗೂ ಬರಬೇಕಂತ” ಎಂದ. ಅವ್ವ ಚೆಂಬಿನಲ್ಲಿ ನೀರು ತಂದಳು. “ಬ್ಯಾಡ್ರಿ ಯವ್ವಾ” ಎಂದವನು ಬಂದ ದಾರಿಗೆ ತಿರುಗಿದ. ಆಯಿ ಆ ತುಂಬಿದ ಚೆಂಬನ್ನು ನೋಡುತ್ತ ಕುಳಿತಿದ್ದು ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಬಂಡಿ ಹೂಡಲು ಎದ್ದ. ಆಯಿ ಕೈ ಅಡ್ಡ ಹಿಡಿದಳು. “ಸೋಮವಾರ ಎತ್ತಿನ ಹೆಗಲಿಗೆ ನೊಗಾ ಇಡಬ್ಯಾಡ.” ನಮ್ಮ ಕಡೆ ಸೋಮವಾರ ಬಸವಣ್ಣನ ದಿನ, ಎತ್ತು ಹೂಡುವುದಿಲ್ಲ. ಹಾಗಾದರೆ ಉಳಿದದ್ದು ಕಾಕಾನ ಸೈಕಲ್ಲು. ನಾನು ಸುಮ್ಮನಿರಲಿಲ್ಲ. “ಎತ್ತಿಗೆ ಸೋಮವಾರ ಸೂಟಿ. ಕಾಕಾನ ಕಾಲಿಗೆ ಯಾಕಿಲ್ಲ ಆಯಿ?”

“ನಿಮ್ಮ ಕಾಕಾಗ ಬಾಯಿ ಐತಿ. ದಣಿದ್ರ ಸಾಕಾತು ಅಂತಾನ. ಎತ್ತಿಗೆಲ್ಲಿ ಬಾಯಿ ಐತಿ?” ಎಂದಳು ಆಯಿ.

ಕಾಕಾ ಹಿಂದಿನ ಕ್ಯಾರಿಯರಿಗೆ ಕಂಬಳಿ ಮಡಿಸಿ ಕಟ್ಟಿದ. “ಯವ್ವಾ, ಹಿಂದ ನೀ ಕುಂತ್ರ ಏರಿನ್ಯಾಗ ಮುಂದಿನ ಗಾಲಿ ಎದ್ದು ನಿಂದರತೈತಿ. ಮುಂದ ಭಾರ ಬೇಕು. ಇಕಿ ಕುಂದರ್ಲಿ” ಎಂದು ನನ್ನನ್ನು ಎತ್ತಿ ಸೀಟಿನ ಮುಂದಿನ ದಂಡಿಯ ಮೇಲೆ ಕೂರಿಸಿದ. “ಅಕಿ ಬಾಯಿ ಒಂದ ಭಾರ ಸಾಕು” ಎಂದಳು ಅವ್ವ. ಹೀಗೆ ಮೂವರೂ ಹೊರಟೆವು. ಒರಟು ಜಲ್ಲಿಮಣ್ಣಿನ ಗರಸಿನ ರಸ್ತೆ, ದಿಬ್ಬದ ಬೆನ್ನಿಗೆ ದಿಬ್ಬ. ಬಂಡಿಯ ಗಾಲಿಗಳು ಅರೆದು ನುಣುಪು ಮಾಡಿದ ಎರಡು ಗೆರೆಗಳಲ್ಲಿ ಒಂದನ್ನು ಹಿಡಿದು ಕಾಕಾ ತುಳಿಯುತ್ತಿದ್ದ. ಗೆರೆ ತಪ್ಪಿದರೆ ಗರಸು ಕರಕರ ಎಂದು ಗಾಲಿಯನ್ನು ಎಳೆಯುತ್ತಿತ್ತು. ಏರಿನಲ್ಲಿ ಅವನ ಉಸಿರು ನನ್ನ ನೆತ್ತಿಗೆ ಬಿಸಿಯಾಗಿ ತಾಕುತ್ತಿತ್ತು. ಇಳಿಜಾರಿನಲ್ಲಿ ಮುಂದಿನ ಬ್ರೇಕು ಮುಟ್ಟದೆ, ಹಿಂದಿನದನ್ನಷ್ಟೇ ಬಿಟ್ಟು ಬಿಟ್ಟು ಹಿಡಿಯುತ್ತಿದ್ದ. ಸಣ್ಣಾಯಿಯ ಜೀವ ಇರುವಾಗಲೇ ಆಯಿ ಅವಳ ಮುಖ ನೋಡಬೇಕು. ನನ್ನ ತಲೆಯಲ್ಲಿ ಬೇರೇನೂ ಇರಲಿಲ್ಲ. ಆದರೆ ಆಯಿ ದಾರಿಯಲ್ಲಿ ಬಂದ ಪ್ರತಿ ಬಸವಣ್ಣನ ಕಲ್ಲಿಗೆ, ಪ್ರತಿ ಊರಿನ ಅಗಸಿಗೆ, “ಇಳಸಪಾ” ಎನ್ನುತ್ತಿದ್ದಳು. ದೇವರ ಮುಂದೆ, ಊರಬಾಗಿಲ ಮುಂದೆ ವಾಹನ ಏರಿ ಹೋಗಬಾರದು. ಇಳಿದು, ಸೆರಗು ಹೊದ್ದು, ಕೈಮುಗಿದು, ನಾಲ್ಕು ಹೆಜ್ಜೆ ನಡೆದು ಮತ್ತೆ ಹತ್ತುವುದು. ಒಬ್ಬನೇ ಹೋಗುವಾಗ ಇದನ್ನೆಲ್ಲ ಲೆಕ್ಕಿಸದ ಕಾಕಾ ಅಂದು ತುಟಿ ಪಿಟಕ್ಕೆನ್ನದೆ ಇಳಿಯುತ್ತಿದ್ದ.

ನನಗೆ ತಡೆಯಲಾಗಲಿಲ್ಲ. ಒಂದು ಏರಿನ ಬುಡದಲ್ಲಿ, ಇಳಿಜಾರಿನಿಂದ ಸಿಕ್ಕ ಓಟವನ್ನೆಲ್ಲ ಬಸವಣ್ಣನಿಗೆ ಒಪ್ಪಿಸಿ ನಿಂತಾಗ ಕೂಗಿಯೇಬಿಟ್ಟೆ. “ಸಣ್ಣಾಯಿ ದಾರಿ ಕಾಯಾಕತ್ತಾಳ. ಇಲ್ಲಿ ನಿಂತು ಅಲ್ಲಿ ತಡಾ ಆದ್ರ ಈ ಬಸವಣ್ಣಗ ಏನ ಸಿಗತೈತಿ?” ಆಯಿ ಸಿಟ್ಟಾಗಲಿಲ್ಲ. “ಇಳದು ಹೋಗೂ ಹಾದಿ ಇದು, ಮಗಳ. ಹಾರಿ ಹೋಗೂದಲ್ಲ” ಎಂದಳು.

ಹಿರೇಕೆರೂರು ಕಾಣುವ ಕೊನೆಯ ದಿಬ್ಬದ ತುದಿಯಲ್ಲಿ ಕಲ್ಲೂ ಇರಲಿಲ್ಲ, ಅಗಸಿಯೂ ಇರಲಿಲ್ಲ. ಮುಂದೆ ಬರೀ ಇಳಿಜಾರು, ತುಳಿಯುವುದೇ ಬೇಡ. ಅಲ್ಲಿ ಕಾಕಾ ತಾನಾಗಿಯೇ ಇಳಿದ. “ಗಾಳಿ ಕಡಿಮ್ಯಾಗೇತಿ” ಎಂದು ಪಂಪು ಬಿಚ್ಚಿ ಹಿಂದಿನ ಗಾಲಿಗೆ ಹಾಕತೊಡಗಿದ. ನಾನು ಟೈರು ಒತ್ತಿ ನೋಡಿದೆ, ಕಲ್ಲಿನಂತಿತ್ತು. “ಕಾಕಾ, ಗಾಳಿ ಐತಲ್ಲ!” ಎಂದೆ. “ಸುಮ್ನಿರವಾ” ಎಂದ. ಆಯಿ ದಿಬ್ಬದ ಅಂಚಿಗೆ ನಿಂತು, ಕೆಳಗಿನ ಊರಿನ ಹೊಗೆಯನ್ನು ನೋಡುತ್ತ, ತಂಗಿ ಸಣ್ಣವಳಿದ್ದಾಗ ಹುಣಸೆಹಣ್ಣು ಕದ್ದು ತಿಂದು ಬಾಯಿ ಹುಣ್ಣು ಮಾಡಿಕೊಂಡ ಕಥೆಯನ್ನು ಯಾರಿಗೋ ಎಂಬಂತೆ ಹೇಳಿದಳು. ಹೇಳಿ ಮುಗಿಯುವವರೆಗೆ ಕಾಕಾ ಗಾಳಿ ಹಾಕುತ್ತಲೇ ಇದ್ದ.

ನಾವು ಮುಟ್ಟಿದಾಗ, ತೀರಿಕೊಂಡವರಿಗೆ ನಮ್ಮಲ್ಲಿ ಮಾಡುವಂತೆ, ಸಣ್ಣಾಯಿಯನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಆಯಿ ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡು, “ಬಂದೆ ನೋಡವಾ” ಎಂದಳು. ಅಷ್ಟೇ.

ಆ ದಿನವನ್ನು ನಾನು ಬಿಡಲಿಲ್ಲ. ರೂಢಿಯ ವಿರುದ್ಧ ಮಾತಾಡಲು ನಿಂತಾಗಲೆಲ್ಲ ಅದೇ ನನ್ನ ಬತ್ತಳಿಕೆಯ ಮೊದಲ ಬಾಣ. ಎತ್ತಿಗೆ ಸೋಮವಾರ, ಕಲ್ಲಿಗೆ ನಮಸ್ಕಾರ. ಇವೆರಡರ ನಡುವೆ ಒಬ್ಬ ಮುದುಕಿಗೆ ತಂಗಿಯ ಕೊನೆಯ ಮಾತು ತಪ್ಪಿತು. ಸೂಟಿಗೆ ಊರಿಗೆ ಬಂದಾಗ ಆಯಿಯ ಮುಂದೆಯೂ ಇದನ್ನೇ ಮಂಡಿಸಿದ್ದೆ. “ಹೌದವಾ, ನೀ ಹೇಳೂದು ಖರೆ” ಎಂದು ಅವಳು ನನಗೆ ಎಲೆ ಅಡಿಕೆ ಕುಟ್ಟಲು ಕೊಟ್ಟಳು. ಎದುರಾಳಿ ಇಷ್ಟು ಸುಲಭವಾಗಿ ಒಪ್ಪಿಕೊಂಡರೆ ಎಲ್ಲೋ ತಪ್ಪಿದೆ ಎಂದು ತಿಳಿಯುವಷ್ಟು ಅನುಭವ ನನಗೆ ಆಗ ಇರಲಿಲ್ಲ.

ಯುದ್ಧದ ವರ್ಷಗಳಲ್ಲಿ ಟೈರು ಸಿಗದಾಯಿತು; ಸೈಕಲ್ಲು ಪಡಸಾಲೆಯ ಗೋಡೆಗೆ ಏರಿತು. ಅದರ ಕೆಳಗೇ ಆಯಿ ತೀರಿಕೊಂಡಳು. ಸವಣೂರಿನಲ್ಲಿದ್ದ ಅತ್ತೆಗೆ, ಅಂದರೆ ಆಯಿಯ ಮಗಳಿಗೆ, ಸುದ್ದಿ ಮುಟ್ಟಿಸಬೇಕು. ಕಾಕಾ ಆಳನ್ನು ಕರೆದು ಹೇಳುತ್ತಿದ್ದ, ನಾನು ಬಾಗಿಲಲ್ಲಿ ನಿಂತಿದ್ದೆ. “ಅವ್ವಗ ಭಾಳ ಜಡ್ಡಾಗೇತಿ, ಲಗೂ ಬರ್ರಿ ಅಂತ ಅನ್ನು, ಅಷ್ಟ ಸಾಕು. ಕಟ್ಟಿ ಹತ್ತಬ್ಯಾಡ. ನೀರ ಕೊಟ್ರ ಕುಡಿಬ್ಯಾಡ. ಅವರು ತಿಳಕೋತಾರ.”

ಅವನು ಹೋದ. ಕಣ್ಣ ಮುಂದೆ ಆ ತುಂಬಿದ ಚೆಂಬು. ಆ ಸೋಮವಾರ ನಾವು ಹೊರಡುವ ಮೊದಲೇ ಎಲ್ಲ ಮುಗಿದಿತ್ತು. ಆಯಿಗೆ ಗೊತ್ತಿತ್ತು. ತಡವಾಗುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ತಂಗಿ ಇನ್ನೂ ಇದ್ದಾಳೆ ಎಂದುಕೊಳ್ಳಲು, ಹೋಗಿ ಮುಟ್ಟದಿರುವಷ್ಟು ಹೊತ್ತು ಮಾತ್ರ ಉಳಿದಿತ್ತು.

“ಅವತ್ತು ಗಾಳಿ ಇತ್ತಲ್ಲ ಕಾಕಾ?” ಎಂದೆ.

ಕಾಕಾ ಗೋಡೆಯ ಸೈಕಲ್ಲಿನತ್ತ ನೋಡಿದ. “ಇತ್ತವಾ” ಎಂದ.

ಈಗ ಕಾಕಾನೂ ಇಲ್ಲ. ಮನೆ ಪಾಲಾಗಿ, ಪಾಲು ಕೈ ಬದಲಾಗಿ, ಕೊಂಡವರು ತೊಲೆಗಳಿಗಾಗಿ ಅದನ್ನು ಕೆಡವುತ್ತಿದ್ದಾರೆಂದು ಅಣ್ಣ ಹೇಳಿದ್ದ. ಕೊನೆಗೊಮ್ಮೆ ನೋಡಿಬರೋಣವೆಂದೇ ನಾನು ಹಾನಗಲ್ಲಿಗೆ ಬಂದು ಆ ಬಾಡಿಗೆ ಸೈಕಲ್ಲು ಹಿಡಿದದ್ದು. ಅಂಥದೇ ಗರಸು, ಅಂಥದೇ ಬಂಡಿಯ ಗೆರೆ. ದಾರಿಯಲ್ಲಿ ಸಿಕ್ಕ ಮೊದಲ ಬಸವಣ್ಣನ ಕಲ್ಲಿಗೆ ನಾನು ಇಳಿದೆ. ಕಲ್ಲು ಕಲ್ಲೇ ಎಂಬ ನನ್ನ ಮಾತನ್ನು ಹಿಂತೆಗೆದುಕೊಂಡಿಲ್ಲ. ಆದರೂ ಇಳಿದೆ, ಎರಡನೆಯದಕ್ಕೂ ಇಳಿದೆ. ಚಿಕ್ಕೇರೂರು ಕಾಣುವ ಏರಿನ ಮೇಲೆ ಬಂದಾಗ ಸಂಜೆಯ ಹೊಗೆ ಏಳುತ್ತಿತ್ತು. ಇಷ್ಟು ದೂರದಿಂದ ಯಾವ ಮನೆ ನಿಂತಿದೆ, ಯಾವುದು ಬಿದ್ದಿದೆ ಎಂದು ತಿಳಿಯುವುದಿಲ್ಲ. ಪಡಸಾಲೆಯಲ್ಲಿ ಗಾಲಿ ತಿರುಗುತ್ತಿರಬಹುದು, ಒಳಗೆ ರೊಟ್ಟಿ ಬಡಿಯುತ್ತಿರಬಹುದು. ನಾನು ಸೈಕಲ್ಲು ನಿಲ್ಲಿಸಿ ಹಿಂದಿನ ಟೈರು ಒತ್ತಿ ನೋಡಿದೆ. ಕಲ್ಲಿನಂತಿತ್ತು. ಪಂಪು ಬಿಚ್ಚಿ ಗಾಳಿ ಹಾಕತೊಡಗಿದೆ.