ಯಾರೂ ಕರೆಯದ ಕಾರ್ಟೂನು

ಹೋದ ಡಿಸೆಂಬರಿನಲ್ಲಿ ಹಿರಿಯೂರಿನ ನಮ್ಮ ಮನೆಯಲ್ಲಿ ಒಂದೇ ಕತೆಯನ್ನು ಮೂರು ಸಲ ನೋಡಿದೆವು. ಒಂಬತ್ತನೇ ಕ್ಲಾಸಿನ ಮಗಳ ಇಂಗ್ಲಿಷ್ ಪಾಠ ಅದು. ಯಾರನ್ನೂ ಹತ್ತಿರ ಸೇರಿಸದ ಜಿಪುಣ ಮುದುಕ. ಕ್ರಿಸ್‌ಮಸ್ ಹಿಂದಿನ ರಾತ್ರಿ ದೆವ್ವಗಳು ಬಂದು ಅವನಿಗೆ ಬುದ್ಧಿ ಹೇಳುತ್ತವೆ. ಬೆಳಿಗ್ಗೆ ಎದ್ದು, ದೂರ ಇಟ್ಟಿದ್ದ ತಂಗಿಯ ಮಗನ ಮನೆಗೆ ಊಟಕ್ಕೆ ಹೋಗುತ್ತಾನೆ. ಅದರ ಸಿನಿಮಾಗಳನ್ನು ಹೋಲಿಸಿ ಬರೆಯಿರಿ ಅಂತ ಟೀಚರು ಹೇಳಿದ್ದರು. ದೀಪ ಹಚ್ಚೋ ಹೊತ್ತಿನಲ್ಲಿ ನಾವು ದೆವ್ವದ ಮಾತು ಆಡುವುದಿಲ್ಲ. ಹಂಗಾಗಿ ಮಧ್ಯಾಹ್ನ ಊಟ ಆದ ಮೇಲೆ ಟಿವಿ ಹಾಕುತ್ತಿದ್ದೆವು. ಮೂರು ದಿನವೂ ಕರೆಂಟು ಹೋಗಲಿಲ್ಲ, ಶಿವನ ದಯೆ.

ಬರೆದುಕೊಳ್ಳುತ್ತಿದ್ದವಳು ಮಗಳು, ಕಣ್ಣು ಕೀಳದೆ ನೋಡುತ್ತಿದ್ದವರು ನಮ್ಮತ್ತೆ. ನಾಲ್ಕು ವರ್ಷದ ಹಿಂದೆ ಯಲ್ಲದಕೆರೆಯಲ್ಲಿ ಅವರ ತಮ್ಮ ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ಎಲ್ಲರಿಗೂ ಫೋನಿನಲ್ಲೇ ಹೇಳಿದರು. ಒಡಹುಟ್ಟಿದ ಅಕ್ಕನಿಗೂ ಫೋನೇ. ಮನೆಗೆ ಬಂದು ಕುಂಕುಮ ಕೊಟ್ಟು ಕರೆಯಲಿಲ್ಲ ಅಂತ ಅತ್ತೆ ಹೋಗಲಿಲ್ಲ. ಅಕ್ಕ ಬರಲಿಲ್ಲ ಅಂತ ಅವರು ಮಾತು ಬಿಟ್ಟರು. ಈಗ ಆ ತಮ್ಮನಿಗೆ ಮಂಡಿ ಆಪರೇಷನ್ ಆಗಿದೆ ಅಂತ ಸುದ್ದಿ ಬಂದಿತ್ತು. ಹೋಗಿ ನೋಡಬೇಕು ಅಂತ ಅತ್ತೆಗೆ ಒಳಗೊಳಗೇ ಸಂಕಟ. ಕರೆಯದೆ ಹೆಂಗೆ ಹೋಗೋದು?

ಮೊದಲನೇ ದಿನದ್ದು ಕಪ್ಪು ಬಿಳುಪು. ಅದರಲ್ಲಿ ತಂಗಿಯ ಮಗ ಮುದುಕನ ಅಂಗಡಿಗೇ ಬಂದು ಊಟಕ್ಕೆ ಕರೆಯುತ್ತಾನೆ.

"ನೋಡ್ದ್ಯಾ, ಆ ಚಳೀಲಿ ಬಂದು ಕರ್ದ. ಬೈಸ್ಕಂಡೂ ಕರ್ದ. ಕರಿಯೋದು ಅಂದ್ರೆ ಅದು" ಅಂದರು ಅತ್ತೆ.

ಎರಡನೆಯದರಲ್ಲಿ ಹಾಡುಗಳು ಜಾಸ್ತಿ. ಮುದುಕನ ಮುಖ ಎಷ್ಟು ಚೆಂದ ಇತ್ತೆಂದರೆ ಜಿಪುಣತನ ಒಪ್ಪಲೇ ಇಲ್ಲ. ಇಡೀ ಹಕ್ಕಿ ಸುಟ್ಟು ತಟ್ಟೆಯಲ್ಲಿ ತಂದಾಗ ಅತ್ತೆ ಗೋಡೆ ಕಡೆ ತಿರುಗಿ ಕೂತರು.

"ಮುಗೀತೇನೇ?"

"ಇಲ್ಲಜ್ಜಿ, ಇನ್ನೂ ಕಾಲು ಉಳಿದೈತೆ" ಅಂತ ಮಗಳು ನಕ್ಕಳು.

ಅಲ್ಲೂ ತಂಗಿಯ ಮಗ ಹಾಡು ಹೇಳಿಕೊಂಡು ಕರೆದ. "ನನ್ ತಮ್ಮಂಗೆ ಹಾಡು ಬರ್ದಿದ್ರೆ ಬ್ಯಾಡ, ಬಸ್ಸಾದ್ರೂ ಹತ್ತಬಹುದಿತ್ತು" ಅಂತ ಅತ್ತೆ ಗೊಣಗಿದರು.

ಮೂರನೆಯದು ಅರ್ಧ ಗಂಟೆಯ ಕಾರ್ಟೂನು. ಕತೆಯನ್ನು ಬಹಳ ಕಡೆ ಕತ್ತರಿಸಿದ್ದರು. ಕರೆಯುವ ಭಾಗವೇ ಇರಲಿಲ್ಲ. ಬೆಳಗಾಯಿತು, ಮುದುಕ ಹೋಗಿ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ.

ಅತ್ತೆ ಮುಂದಕ್ಕೆ ಬಾಗಿದರು. "ಇದ್ರಾಗೆ ಯಾರೂ ಕರೀಲೇ ಇಲ್ವಲ್ಲೇ?"

ಮಗಳು ಏನೋ ಹೇಳಲು ಬಾಯಿ ತೆರೆದಳು. ಒಣಗಿದ ಬಟ್ಟೆ ತಗೊಂಡು ಬಾ ಅಂತ ಅವಳನ್ನು ಮೇಲೆ ಕಳಿಸಿದೆ.

"ಇಲ್ಲ ಅತ್ತೆ, ಕರೀಲಿಲ್ಲ" ಅಂದೆ. ಆ ಕಾರ್ಟೂನಿನ ಮಟ್ಟಿಗೆ ಅದು ಸುಳ್ಳಲ್ಲ. ಆದರೂ ಸಂಜೆ ದೇವರ ಮುಂದೆ ತಪ್ಪಾಯಿತು ಅಂದುಕೊಂಡೆ.

"ಆದ್ರೂ ಹೋದ" ಅಂದರು. ಟಿವಿ ಆರಿಸಿದ ಮೇಲೆ, "ಯಾರೂ ಅವನ್ನ ಹೊರಗೆ ಹಾಕ್ಲಿಲ್ಲ."

ದೃಶ್ಯ ಬಿಟ್ಟಿದ್ದಾರೆ ಅಂತ ಮಗಳು ಕಾರ್ಟೂನಿಗೆ ಕೊನೇ ಸ್ಥಾನ ಕೊಟ್ಟು ಬರೆದಳು. ನಾನು ಬೇಡ ಅನ್ನಲಿಲ್ಲ. ನನ್ನ ಲೆಕ್ಕದಲ್ಲಿ ಮೊದಲನೆಯದು ಅದೇ. ಮಾರನೇ ಬೆಳಿಗ್ಗೆ ಪೂಜೆ ಮುಗಿಸಿ ಬಂದಾಗ ಅತ್ತೆ ಒಳ್ಳೇ ಸೀರೆ ಉಟ್ಟು ಕೂತಿದ್ದರು. "ಬಸ್ ಎಷ್ಟೊತ್ತಿಗೈತೆ?"

ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು.

ಅತ್ತೆಯ ತಮ್ಮ ಹೊಸ ಮನೆಯ ಪಡಸಾಲೆಯಲ್ಲಿ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದರು. ಅತ್ತೆ ಗೇಟಿನಲ್ಲೇ ನಿಂತುಬಿಟ್ಟರು. ತಮ್ಮ ಏಳಲು ನೋಡಿ, ಆಗದೆ ಮತ್ತೆ ಕೂತರು.

"ಎದ್ದು ಬರಾಕಾಗಲ್ಲ ಕಣಕ್ಕ. ನೀನೇ ಒಳಗೆ ಬಾ."

"ಕರ್ದ" ಅಂದರು ಅತ್ತೆ, ನನಗೆ ಮಾತ್ರ ಕೇಳುವ ಹಾಗೆ.

ಒಳಗೆ ಹೋದವರು ತಮ್ಮನ ಮಂಡಿ ಮುಟ್ಟಿ ನೋಡಿದರು, ಆಮೇಲೆ ನೆಟ್ಟಗೆ ಅಡುಗೆಮನೆಗೆ ನಡೆದರು.

"ಲೇ, ಒಲೆ ಕಟ್ಟೆ ಬಾಳ ಎತ್ತರ ಆಗೈತೆ."

"ನಾಲ್ಕು ವರ್ಷದಿಂದ ನನ್ ಹೆಂಡ್ತಿ ಅದೇ ಹೇಳ್ತಾಳೆ" ಅಂದರು ತಮ್ಮ. "ಅವತ್ತೇ ಬಂದಿದ್ರೆ ಒಡೆಸಿ ಕಟ್ಟಿಸ್ತಿದ್ದೆ."