ಮುನಿಗಂಗಮ್ಮನ ಜಾಲಿ ಸೊಪ್ಪು

ಬೈಯಪ್ಪನಹಳ್ಳಿಯ ಮುನಿಗಂಗಮ್ಮನಿಗೆ ಹನ್ನೊಂದು ಮೇಕೆಗಳಿದ್ದವು. ಗಂಡ ಬೈಲಪ್ಪ ರೈಲ್ವೆ ಗ್ಯಾಂಗಿನ ಕೆಲಸಕ್ಕೆ ಹೊರಟುಹೋದರೆ ಹಗಲೆಲ್ಲ ಅವಳ ಮಾತುಕತೆ ಅವುಗಳ ಜೊತೆಯಲ್ಲೇ. ಒಂದೊಂದಕ್ಕೂ ಹೆಸರಿಟ್ಟಿದ್ದಳು, ಬಯ್ಯುವಾಗಲೂ ಹೆಸರು ಹಿಡಿದೇ ಬಯ್ಯುತ್ತಿದ್ದಳು.

ನಲವತ್ತಮೂರನೇ ಇಸವಿಯ ಮಳೆಗಾಲದಲ್ಲಿ ಮೇಕೆಗಳು ಸೊರಗತೊಡಗಿದವು. ಗದ್ದದ ಕೆಳಗೆ ನೀರು ತುಂಬಿದ ಹಾಗೆ ಊತ, ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಎರಡು ಸತ್ತೇ ಹೋದವು. ಒಂದರ ಹೊಟ್ಟೆ ಕುಯ್ದು ನೋಡಿದ ಬೈಲಪ್ಪ, ಒಳಗೆ ನೂಲಿನೆಳೆಗಳಂತೆ ಹೊಸೆದುಕೊಂಡಿದ್ದ ಹುಳುಗಳನ್ನು ಕಂಡು ಮುಖ ತಿರುಗಿಸಿದ.

ಸೈನಿಕರ ಬೀಡಾದ ದಂಡು ಪ್ರದೇಶದಿಂದ ಮೇಕೆ ಕೊಳ್ಳಲು ಸೈಕಲ್ಲಿನಲ್ಲಿ ಬರುತ್ತಿದ್ದ ಕಸಾಯಿ ಜಿಯಾವುಲ್ಲಾ ಮರುಗಿದ. "ಉಳಿದಿದ್ದಾದ್ರೂ ಕೊಟ್ಬಿಡಿ ಅಕ್ಕಾ. ಹದಿನೈದು ದಿನ ಹೋದ್ರೆ ಒಂದೂ ಉಳಿಯಲ್ಲ."

"ಕಾಯಿಲೆ ಬಿದ್ದವ್ರನ್ನ ಮಾರ್ತಾರಾ ಸಾಬ್ರೇ?" ಎಂದಳು ಮುನಿಗಂಗಮ್ಮ.

ಅಂದು ಸಂಜೆ ಒಂದೊಂದರ ಕಣ್ಣಿನ ರೆಪ್ಪೆಯನ್ನೂ ಮಗುಚಿ ನೋಡಿದಳು. ಒಳಗೆ ರಕ್ತವೇ ಇಲ್ಲದಂತೆ ಬಿಳಿಚಿತ್ತು. ಚುಕ್ಕಿ ಎಂಬ ಮೇಕೆಯದು ಮಾತ್ರ ಕೆಂಪಗಿತ್ತು. ಕಾಲು ಮುರಿದುಕೊಂಡ ಚುಕ್ಕಿ ಮಳೆಗಾಲವೆಲ್ಲ ಹಿತ್ತಲ ಜಾಲಿ ಮರದಡಿಯಲ್ಲೇ ಇತ್ತು. ಉಳಿದವು ಕೆರೆಯಂಚಿನ ಒದ್ದೆ ಹುಲ್ಲು ಮೇಯುತ್ತಿದ್ದರೆ, ಅದು ತಿಂದದ್ದು ಜಾಲಿ ಸೊಪ್ಪು. ಮುನಿಗಂಗಮ್ಮ ಒಂದು ಚಿಗುರು ಕಿತ್ತು ಅಗಿದಳು. ಒಗರಿಗೆ ಬಾಯೆಲ್ಲ ಬಿಗಿದುಕೊಂಡಿತು.

"ನನ್ನ ನಾಲ್ಗೇನೇ ಹಿಂಗಾದ್ರೆ ಹುಳದ ಗತಿ ಏನು, ಹೇಳು!"

ಬೈಲಪ್ಪ ಬಿದ್ದು ಬಿದ್ದು ನಕ್ಕ. ಆದರೂ ಮಾರನೆಯ ದಿನ ಕೆಲಸ ಮುಗಿಸಿ ಬರುವಾಗ ಅವನ ತಲೆಯ ಮೇಲೆ ಜಾಲಿ ಕೊಂಬೆಗಳ ಹೊರೆಯಿತ್ತು, ಕೈತುಂಬ ಮುಳ್ಳು ಗೀರಿದ ಗಾಯ.

ಕೆರೆಯ ಕಡೆ ಹೋಗುವುದು ನಿಂತಿತು. ಬೆಳಗ್ಗೆ ಕಟ್ಟಿ ತೂಗುಹಾಕಿದ ಜಾಲಿ ಸೊಪ್ಪು. ಇಬ್ಬನಿ ಆರಿದ ಮೇಲೆ ದಿಣ್ಣೆಯ ಪೊದೆಗಳಲ್ಲಿ ಮೇವು. ಐದನೆಯ ದಿನ ಗಬ್ಬದ ಮೇಕೆಯೊಂದು ಸತ್ತಿತು. ಅಂದು ಮುನಿಗಂಗಮ್ಮ ಒಲೆ ಹಚ್ಚಲಿಲ್ಲ. ಬೈಲಪ್ಪನೂ ಊಟ ಕೇಳಲಿಲ್ಲ. ಆದರೆ ಸೊಪ್ಪು ಕಟ್ಟುವುದನ್ನು ಅವಳು ಬಿಡಲಿಲ್ಲ. ದೀಪಾವಳಿಯ ಹೊತ್ತಿಗೆ ಉಳಿದ ಎಂಟೂ ಮೇಕೆಗಳು ಗೂಟ ಕೀಳುವಷ್ಟು ಚಿಗಿತುಕೊಂಡವು.

ಮತ್ತೆ ಬಂದ ಜಿಯಾವುಲ್ಲಾ ತಾನೇ ರೆಪ್ಪೆ ಮಗುಚಿ ನೋಡಿದ. "ಮನೇಲಿ ಹಾಲಿಗೆ ಅಂತ ಎರಡು ಕಟ್ಟಿದೀನಿ ಅಕ್ಕಾ. ಅವಕ್ಕೂ ಗದ್ದ ಊದಿದೆ."

ಅವಳು ಸೈಕಲ್ಲಿನ ಹಿಂದೆ ದೊಡ್ಡ ಹೊರೆ ಕಟ್ಟಿಕೊಟ್ಟಳು. "ನೆಲಕ್ಕೆ ಹಾಕ್ಬೇಡಿ, ತೂಗುಹಾಕಿ."

ಮಾರನೆಯ ಬೆಳಗ್ಗೆಯೇ ಆತ ಮತ್ತೆ ಹಾಜರು. ಹಲಸೂರಿನಲ್ಲಿ ಚಹಾ ಕುಡಿಯಲು ನಿಂತಾಗ ಬೀದಿ ಮೇಕೆಗಳು ಅರ್ಧ ಹೊರೆ ಖಾಲಿ ಮಾಡಿದ್ದವಂತೆ.

ಮುನಿಗಂಗಮ್ಮ ನಗುತ್ತಲೇ ಕುಡುಗೋಲು ಎತ್ತಿಕೊಂಡಳು. "ಅವಕ್ಕೂ ಹುಳ ಇತ್ತೇನೋ, ತಿನ್ಲಿ ಬಿಡಿ."