ಬಾಡಿಗೆ ಮನೆಗಾಗಿ ಇಟ್ಟ ಕುಂಕುಮ

ನನ್ನ ಗಂಡನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಇದನ್ನು ಕೇಳಿದವರೆಲ್ಲ ‘ಎಂಥ ಪುಣ್ಯವಂತೆ ನೀನು’ ಎನ್ನುತ್ತಾರೆ. ಅನ್ನುವವರಿಗೇನು, ಅವರು ಚಕ್ಕಡಿಯಲ್ಲಿ ಸಾಮಾನು ಹೇರಿಕೊಂಡು ಬಿಸಿಲಲ್ಲಿ ಮನೆ ಹುಡುಕಿದವರಲ್ಲ.

ಎಪ್ಪತ್ತರ ದಶಕದ ಮಾತು. ಸರ್ಕಾರಿ ಸಾಲೆಯ ಮಾಸ್ತರರಾಗಿದ್ದ ನಮ್ಮವರನ್ನು ಇಂಡಿಯಿಂದ ಸಿಂದಗಿಗೆ, ಸಿಂದಗಿಯಿಂದ ಮುದ್ದೇಬಿಹಾಳಕ್ಕೆ ವರ್ಗ ಮಾಡುತ್ತಲೇ ಇದ್ದರು. ಎಲ್ಲ ಊರಲ್ಲೂ ಒಂದೇ ಹಣೆಬರಹ. ಮನೆಯ ಯಜಮಾನ ಕೀಲಿ ಕೊಡಲು ಕೈ ಚಾಚುವ ಹೊತ್ತಿಗೆ ಸರಿಯಾಗಿ ಇವರು ಗಂಟಲು ಸರಿಮಾಡಿಕೊಂಡು, “ಒಂದ ಮಾತ್ರಿ. ನಾವು ಕ್ರಿಶ್ಚನ್ರು. ಅಡಚಣಿ ಇದ್ರ ಈಗ ಹೇಳಿಬಿಡ್ರಿ” ಎನ್ನುತ್ತಿದ್ದರು. ಅಡಚಣೆ ಇದ್ದೇ ಇರುತ್ತಿತ್ತು. ಇಂಡಿಯಲ್ಲಿ ಒಬ್ಬರು ಚಹಾ ಕುಡಿಸಿ, ಬಹಳ ಮರ್ಯಾದೆಯಿಂದ, ಮಗಳು ಬಾಣಂತನಕ್ಕೆ ಬರುತ್ತಾಳೆ, ಖೋಲಿ ಬೇಕಾಗುತ್ತದೆ ಎಂದರು. ಅವರಿಗೆ ಮಗಳೇ ಇಲ್ಲವೆಂದು ಆಮೇಲೆ ಗೊತ್ತಾಯಿತು.

ಸಿಂದಗಿಯಲ್ಲಿ ಮನೆ ಸಿಕ್ಕಿತು, ಆದರೆ ಹಿತ್ತಲ ಬಾವಿ ಮುಟ್ಟಬಾರದೆಂಬ ಕರಾರಿನ ಮೇಲೆ. ಊರಾಚೆಯ ಬಾವಿಯಿಂದ ನೀರು ಹೊತ್ತೆ. ಮುದ್ದೇಬಿಹಾಳದಲ್ಲಿ ಆರು ತಿಂಗಳು ಜೋಳದ ಚೀಲಗಳ ನಡುವೆ, ಯಾರದೋ ಗೋದಾಮಿನಲ್ಲಿ ಸಂಸಾರ ಮಾಡಿದೆವು. ಸಿಂದಗಿಯಲ್ಲಿ ಒಂದು, ಮುದ್ದೇಬಿಹಾಳದಲ್ಲಿ ಒಂದು, ಎರಡು ಬಸಿರು ನಿಲ್ಲದೆ ಹೋದವು.

ಎರಡು ಸಲವೂ ನಮ್ಮವರು ನನ್ನ ಪಕ್ಕ ಕುಳಿತು ಅತ್ತರು. ಅತ್ತು ಮುಗಿದ ಮೇಲೆ, “ಎಲ್ಲಾದಕ್ಕೂ ಸ್ತೋತ್ರ ಹೇಳಬೇಕು. ಸಂತೋಷಲೆ ಇರಬೇಕು. ಕರ್ತ ನೋಡ್ಕೋತಾನ” ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನೋಡಿಕೊಳ್ಳುವವನು ಇನ್ನು ಯಾವಾಗ ನೋಡಿಕೊಳ್ಳುತ್ತಾನೆ? ತಿಂಗಳಿಗೊಮ್ಮೆ ಬಸ್ಸು ಹತ್ತಿ ಬಿಜಾಪುರದ ಆರಾಧನೆಗೆ ಹೋದರೆ ಅಲ್ಲಿ ಪಾದ್ರಿಗಳದೂ ಅದೇ ಮಾತು. ಕೊಡ ಹೊರದವರಿಗೆ ಸಂತೋಷದ ಮಾತು ಹೇಳುವುದು ಸಲೀಸು. ಆ ದಿನಗಳಲ್ಲಿ ನಾನು ಮಾಡುತ್ತಿದ್ದ ಪ್ರಾರ್ಥನೆ ಎಂದರೆ ಬೈಗುಳ, ಕಡೆಗೆ ಒಂದು ಆಮೆನ್.

ಮೂರನೆಯ ಸಲ ದಿನ ನಿಂತು ಮೂರು ತಿಂಗಳು ತುಂಬಿದಾಗ ಬಿಜಾಪುರದ ಡಾಕ್ಟರಬಾಯಿ ಕಣ್ಣು ದೊಡ್ಡದು ಮಾಡಿ ಹೇಳಿದರು: ಹೆರಿಗೆಯಾಗುವವರೆಗೆ ಭಾರ ಎತ್ತಬಾರದು, ಓಡಾಡಬಾರದು, ಮಲಗಿಯೇ ಇರಬೇಕು, ಇಲ್ಲವಾದರೆ ಇದೂ ಉಳಿಯುವುದಿಲ್ಲ. ಅದೇ ವಾರ ಬಸವನ ಬಾಗೇವಾಡಿಗೆ ವರ್ಗವಾದ ಕಾಗದ ಬಂತು. ದೇವರಿಗೂ ಇಲಾಖೆಗೂ ಒಳಗೊಳಗೇ ಏನೋ ಒಪ್ಪಂದವಿದೆ ಎಂದು ನನಗೆ ಖಾತ್ರಿಯಾಯಿತು.

ಬಾಗೇವಾಡಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳೇ ಬಳೆ ಅಂಗಡಿಯಲ್ಲಿ ಒಂದು ಪೊಟ್ಟಣ ಕುಂಕುಮ ತೆಗೆದುಕೊಂಡು ಹಣೆಗೆ ಹಚ್ಚಿಕೊಂಡೆ. ನಮ್ಮಲ್ಲಿ ಕರಿಮಣಿ ಹಾಕುತ್ತೇವೆ, ಹಣೆಗೆ ಇಡುವ ರೂಢಿಯಿಲ್ಲ. ನಮ್ಮವರು ಟ್ರಂಕು ಕೆಳಗಿಟ್ಟು ನನ್ನನ್ನೇ ನೋಡಿದರು.

“ಇದೇನಿದು?”

“ಕುಂಕುಮ.”

“ಅದು ಗೊತ್ತೈತಿ. ಯಾಕ?”

“ನನಗ ಮಲಗಾಕ ಜಾಗಾ ಬೇಕಾಗೇತ್ರಿ. ನೀವು ಸುಳ್ಳ ಹೇಳಬ್ಯಾಡ್ರಿ, ಬಾಯಿ ಮುಚ್ಚಿಕೊಂಡು ನಿಂದರ್ರಿ. ಅಷ್ಟ ಸಾಕು.”

ಮನೆ ಒಬ್ಬ ವಿಧವೆ ಮುದುಕಿಯದು. ಎಪ್ಪತ್ತರ ಹತ್ತಿರದ ವಯಸ್ಸು, ಹಣೆ ತುಂಬ ವಿಭೂತಿ, ಮಾತು ಖಡಕ್ಕು. ಊರವರೆಲ್ಲ ಆಯಿ ಎನ್ನುತ್ತಿದ್ದರು. ತಾನು ಮುಂದಿನ ಪಡಸಾಲೆಯಲ್ಲಿದ್ದು ಹಿಂದಿನ ಎರಡು ಖೋಲಿ ಬಾಡಿಗೆಗೆ ಕೊಡುತ್ತಿದ್ದಳು. ನನ್ನ ಹಣೆ ನೋಡಿದಳು, ಕರಿಮಣಿ ನೋಡಿದಳು, ಹೊಟ್ಟೆ ನೋಡಿದಳು.

“ಯಾವ ಮಂದಿ ಯವ್ವಾ ನೀವು?”

ನಮ್ಮವರು ಗಂಟಲು ಸರಿಮಾಡಿಕೊಳ್ಳಲು ಶುರುಮಾಡಿದ್ದು ಕೇಳಿಸಿತು. “ಸಾಲಿ ಮಾಸ್ತರ ಮಂದಿ ರೀ” ಎಂದೆ, ಅವರಿಗಿಂತ ಮುಂಚೆ.

“ಮಾಂಸಾ ಮಟನಾ ತಿಂತೀರೇನು?”

“ಇಲ್ರಿ.”

ಕೀಲಿ ನನ್ನ ಕೈಗೆ ಬಂತು. ಆ ‘ಇಲ್ರಿ’ಯನ್ನು ಖರೆ ಮಾಡಲು ಅಂದಿನಿಂದ ಒಂದು ಮೊಟ್ಟೆಯನ್ನೂ ನಾವು ಒಳಗೆ ತರಲಿಲ್ಲ. ರಾತ್ರಿ ನಮ್ಮವರು ಪ್ರಾರ್ಥನೆ ಮಾಡಿ ಗೊರಕೆ ಹೊಡೆದರು. ನಿದ್ದೆ ಬಾರದೆ ಹೊರಳಾಡಿದವಳು ನಾನು.

ಆಮೇಲಿನ ಮೂರು ತಿಂಗಳು ಏನು ಹೇಳಲಿ! ನಾನು ಮಲಗಿದ್ದನ್ನು ನೋಡಿ, ಕಾರಣ ಕೇಳಿ ತಿಳಿದುಕೊಂಡ ಆಯಿ ಮರುದಿನದಿಂದ ನನ್ನ ಅಡುಗೆಮನೆಯನ್ನೇ ಹಿಡಿದುಬಿಟ್ಟಳು. ಬಾವಿಯ ನೀರು ತಾನೇ ಸೇದಿ ಹಾಕುತ್ತಿದ್ದಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಕೆನೆಮೊಸರು ತಂದು ಎದುರಿಗೆ ಕುಳಿತು, ತಾಟು ಖಾಲಿಯಾಗುವ ತನಕ ಏಳುತ್ತಿರಲಿಲ್ಲ. ಸಂಜೆ ನಮ್ಮವರು ಮೆತ್ತಗೆ ಹಾಡುವ ಕೀರ್ತನೆ ಅವಳ ಕಿವಿಗೆ ಭಜನೆಯಾಗಿತ್ತು. “ಮಾಸ್ತರು ಭಾಳ ಭಕ್ತಿ ಮನಷ್ಯಾ. ನೀನೂ ಒಂದೀಟ ಅವರಂಗ ತಣ್ಣಗ ಇರೂದು ಕಲಿ” ಎಂದು ನನಗೇ ಬುದ್ಧಿ ಹೇಳುತ್ತಿದ್ದಳು. ನಮ್ಮವರು ಒಳ್ಳೆಯವರೆಂದು ಅವಳಿಂದಲೂ ಕೇಳಬೇಕಾಗಿ ಬಂತಲ್ಲ ಎಂದು ನನಗೆ ಹಲ್ಲು ಕಡಿಯುವಂತಾಗುತ್ತಿತ್ತು.

ಏಳನೆಯ ತಿಂಗಳು. ಒಂದು ಸೋಮವಾರ ಮಧ್ಯಾಹ್ನ ಆಯಿ ನನ್ನ ಕಾಲಿಗೆ ಎಣ್ಣೆ ತಿಕ್ಕುತ್ತಾ ಕುಳಿತವಳು ಗೋಡೆಗೆ ಆತುಕೊಂಡಳು. ಮುಖ ಬಾಡಿತ್ತು. ಉಂಡಿರಾ ಎಂದು ಕೇಳಿದೆ.

“ಇಲ್ಲವಾ. ಸ್ವಾಮಾರ ಒಪ್ಪತ್ತು ಹಿಡದೇನಿ. ನೀ ಬಂದಾಗಿಂದ.”

“ಯಾಕ್ರಿ?”

“ಯಾಕ ಅಂದ್ರ? ನಿನ್ನ ಹೊಟ್ಟ್ಯಾಂದು ಉಳೀಲಿ ಅಂತ.”

ನನ್ನ ಸಲುವಾಗಿ ಇನ್ನೊಬ್ಬರು ಹಸಿದಿದ್ದು ನನಗೆ ಗೊತ್ತಿರಲಿಲ್ಲ. ದುಃಖವೋ ಸಿಟ್ಟೋ, ಎಲ್ಲ ಒಟ್ಟಿಗೇ ಬಂತು. ಕಾಲು ಎಳೆದುಕೊಂಡು ಸೆರಗಿನಿಂದ ಹಣೆ ಒರೆಸಿಕೊಂಡೆ. “ಆಯಿ, ನಾವು ಕ್ರಿಶ್ಚನ್ರು. ಈ ಮನಿಗಾಗಿ ಕುಂಕುಮ ಇಟ್ಟೆ. ನಿಮಗ ಸುಳ್ಳ ಹೇಳೇನಿ” ಎಂದುಬಿಟ್ಟೆ.

ಆಯಿ ತನ್ನ ಎಣ್ಣೆಗೈಯನ್ನು ನೋಡಿಕೊಂಡಳು. ಎಣ್ಣೆಯ ಬಟ್ಟಲು ತೆಗೆದುಕೊಂಡು ಹೊರಟುಹೋದಳು.

ಆ ದಿನ ಬರಲಿಲ್ಲ, ಮರುದಿನವೂ ಇಲ್ಲ. ಸಂಜೆ ನಮ್ಮವರು ಚಾಪೆಯ ಮೇಲೆ ಕುಳಿತು, “ಛಲೋ ಮಾಡಿದಿ. ಖರೆ ಹೇಳಿದಿ. ಇನ್ನ ಕರ್ತ...” ಎನ್ನುತ್ತಿದ್ದಂತೆ ನಾನು ಕೈ ಎತ್ತಿ ತಡೆದೆ. ಕರ್ತ ನೋಡಿಕೊಳ್ಳುವುದಾದರೆ ಟ್ರಂಕನ್ನೂ ಅವನೇ ಹೊರಲಿ ಎಂದೆ. ಇಂಥ ಹೊಟ್ಟೆ ಹೊತ್ತು ಚಕ್ಕಡಿ ಹತ್ತಿದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಕೂಸಾದರೂ ಉಳಿಯುತ್ತಿತ್ತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹಸಿರು ಟ್ರಂಕಿಗೆ ಬಟ್ಟೆ ತುಂಬಿದೆ.

ಮೂರನೆಯ ದಿನ ಬೆಳಿಗ್ಗೆ ಆಯಿ ಬಂದು ಹೊಸ್ತಿಲಾಚೆ ನಿಂತಳು. ಟ್ರಂಕು ನೋಡಿದಳು.

“ಎಲ್ಲಿಗಿ?”

“ನೀವು ಹೊರಗ ಹಾಕ್ತೀರಲ್ರಿ.”

“ಮೊದಲ ದಿನಾ ಹೇಳಿದ್ರ ಮನಿ ಕೊಡತಿದ್ದಿಲ್ಲ. ಖರೆ ಹೇಳತೇನಿ, ಹೊಸ್ತಿಲಾ ಹತ್ತಸ್ತಿದ್ದಿಲ್ಲ. ಈಗ ಮೂರು ತಿಂಗಳ ಉಣ್ಣಿಸಿದಮ್ಯಾಲ ಹೇಳತಿ. ಬಿಸಿ ತುಪ್ಪ ಬಾಯಾಗ ಹಾಕಿದಿ, ನುಂಗಾಕೂ ಬರೂದಿಲ್ಲ, ಉಗುಳಾಕೂ ಬರೂದಿಲ್ಲ. ಎರಡ ದಿನಾ ನಿದ್ದಿಲ್ಲ ನನಗ.”

ನಾನು ಅಳುತ್ತಾ, ಒಪ್ಪತ್ತು ಬಿಟ್ಟುಬಿಡಿ ಎಂದೆ.

“ಅದು ಶಿವಗ ಕೊಟ್ಟ ಮಾತು, ನಿನಗಲ್ಲ. ನೀ ಬಾವಿ ಮುಟ್ಟಬ್ಯಾಡ, ನೀರು ನಾ ಹಾಕ್ತೇನಿ. ಕುಂಕುಮ ನನ್ನ ಸಲುವಾಗಿ ಇಡಬ್ಯಾಡ. ಹೋಗಿ ಬಿದ್ಕೋ.”

ಅಂದಿನಿಂದ ನೀರೂ ಬಂತು, ರೊಟ್ಟಿಯೂ ಬಂತು, ಆದರೆ ಆಯಿ ಒಳಗೆ ಬರಲಿಲ್ಲ. ತಾಟನ್ನು ಹೊಸ್ತಿಲಾಚೆಯಿಂದ ಸರಿಸಿ ಹೋಗುತ್ತಿದ್ದಳು. ಕಾಲು ಮುಟ್ಟಲಿಲ್ಲ. ನಾನು ದೇವರನ್ನು ಕೇಳಿದೆ: ಸುಳ್ಳು ಹೇಳಿದ್ದಕ್ಕೆ ಮನೆ ಕೊಟ್ಟೆ, ಖರೆ ಹೇಳಿದ್ದಕ್ಕೆ ಆಯಿಯನ್ನು ಕಸಿದುಕೊಂಡೆ, ಇದ್ಯಾವ ನ್ಯಾಯ? ಹೊಟ್ಟೆಯಲ್ಲಿ ಕೂಸು ಒದೆಯುತ್ತಿತ್ತು.

ಒಂಬತ್ತನೆಯ ತಿಂಗಳಲ್ಲಿ ಹದಿನೈದು ದಿನ ಕಳೆದಿರಬೇಕು. ನಮ್ಮವರು ಸಾಲೆಗೆ ಹೋಗಿದ್ದರು. ಹಗಲು ಹನ್ನೊಂದಕ್ಕೆ ನೀರು ಒಡೆಯಿತು. ಒಬ್ಬಳೇ. ನೋವು ಬಂದಾಗ ಇಷ್ಟು ವರ್ಷ ಮನಸ್ಸಿನಲ್ಲಿ ಬೈದದ್ದನ್ನೆಲ್ಲ ಬಾಯಿಬಿಟ್ಟು ಬೈದೆ. “ಎರಡು ಒಯ್ದಿ ದೇವರ, ಇದನ್ನೂ ಒಯ್ದ್ರ ಇನ್ನ ನಿನ್ನ ಮುಖಾ ನೋಡೂದಿಲ್ಲ” ಎಂದು ಕೂಗಿದೆ.

ಬಾಗಿಲಲ್ಲಿ ಆಯಿ ಕಂಡಳು. ಹೊಸ್ತಿಲ ಬಳಿ ಒಂದು ಕ್ಷಣ ನಿಂತಳು. ಆಮೇಲೆ ಸೆರಗು ಸೊಂಟಕ್ಕೆ ಸಿಗಿಸಿ ಒಳಗೆ ಬಂದು, ನನ್ನ ಬೆನ್ನ ಹಿಂದೆ ಕುಳಿತು ಎರಡೂ ತೋಳು ಹಿಡಿದಳು.

“ಬೈಯೂದು ನಾಳಿಗಿ ಬೈಯಿ. ಇವತ್ತ ಅವನ ಕೂಡ ಕೆಲಸ ಐತಿ.”

ಓಣಿಯವರು ಓಡಿಹೋಗಿ ಕರೆತಂದ ದವಾಖಾನೆಯ ಸೂಲಗಿತ್ತಿ ಬಂದು ತಲುಪುವ ಹೊತ್ತಿಗೆ ಆಯಿಯ ಕೈಯಲ್ಲಿ ನನ್ನ ಮಗಳು ಅಳುತ್ತಿದ್ದಳು. ಕೂಸನ್ನು ಸೂಲಗಿತ್ತಿಗೆ ಒಪ್ಪಿಸಿ ಆಯಿ ಎದ್ದು ಹೋದಳು. ಬಚ್ಚಲಲ್ಲಿ ತಲೆಯ ಮೇಲೆ ನೀರು ಹೊಯ್ದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು. ಅದು ಹೆರಿಗೆಯ ಮೈಲಿಗೆಗೋ ನಮ್ಮ ಜಾತಿಯ ಮೈಲಿಗೆಗೋ, ನಾನು ಯಾವತ್ತೂ ಕೇಳಲಿಲ್ಲ.

ಸುದ್ದಿ ಮುಟ್ಟಿ ನಮ್ಮವರು ಓಡಿಬಂದರು, ಕೂಸನ್ನು ನೋಡಿದರು, ಮೊಣಕಾಲೂರಿ ಕಣ್ಣು ಮುಚ್ಚಿ ದೊಡ್ಡ ಪ್ರಾರ್ಥನೆಗೆ ತೊಡಗಿದರು. ಆಗ ಆಯಿ ಮತ್ತೆ ಬಂದಳು. ಒದ್ದೆ ಕೂದಲು, ಹೊಸ ವಿಭೂತಿ, ಕೈಯಲ್ಲಿ ತುಪ್ಪ ಹಾಕಿದ ಬಿಸಿ ಅನ್ನದ ತಾಟು. ಈಗಷ್ಟೇ ಮಿಂದವಳು ಮುಟ್ಟಲಾರಳೆಂದು ನಾನು ಹೊಸ್ತಿಲನ್ನೇ ನೋಡಿದೆ. ಆಯಿ ಅಲ್ಲಿ ನಿಲ್ಲಲಿಲ್ಲ. ನೇರ ಒಳಗೆ ಬಂದು ನನ್ನ ಹಾಸಿಗೆಯ ಮೇಲೆಯೇ ಕುಳಿತಳು.

“ಮಾಸ್ತರ, ಉಳದದ್ದು ಆಮ್ಯಾಲ ಹೇಳ್ರಿ. ಬಾಣಂತಿ ಹಸದಾಳ, ಅನ್ನಾ ಆರತೈತಿ.”

ನಮ್ಮವರು ಕಣ್ಣು ಬಿಟ್ಟು, ಆಮೆನ್ ಎಂದರು. ಆಯಿ ತುತ್ತು ಕಲಸಿ ತನ್ನ ಕೈಯಿಂದಲೇ ನನ್ನ ಬಾಯಿಗಿಟ್ಟಳು. ನಾನು ಅಳುತ್ತಾ ಉಂಡೆ. ಅಷ್ಟೊಂದು ಸಂತೋಷ ನನಗೆ ಅಲ್ಲಿಯವರೆಗೆ ಯಾವತ್ತೂ ಆಗಿರಲಿಲ್ಲ.